ಕೋಟಾ ಬದಲಿಸುವ ಅಧಿಕಾರ ಕೊಡಿ, ಕೀಲಿಕೈ ಗೊಂಚಲು ಬೇಡ: ಫೈಲ್ ಸರ್ವರ್ ಪಾರುಪತ್ಯಕ್ಕೊಂದು ಮಾರ್ಗದರ್ಶಿ

ಕೋಲಾರದ ಒಂದು ಮುದ್ರಣಾಲಯದ ಫೈಲ್ ಸರ್ವರನ್ನು, ಅಂದರೆ ಎಲ್ಲರ ಫೈಲುಗಳನ್ನೂ ಒಂದೆಡೆ ಇಡುವ ಕಂಪ್ಯೂಟರನ್ನು, ನಾನು ನೋಡಿಕೊಳ್ಳುತ್ತೇನೆ. ಟೊಮೆಟೊ ಮಂಡಿಗಳ ಬಿಲ್ ಪುಸ್ತಕ, ಲಗ್ನಪತ್ರಿಕೆ, ಮದುವೆ ಆಲ್ಬಂ, ಚುನಾವಣೆ ಬಂದಾಗ ಕರಪತ್ರ, ಇಷ್ಟು ಅಲ್ಲಿನ ಕೆಲಸ. ಬಿಲ್ ಪುಸ್ತಕದ ಫೈಲು ಕಾಸಿನಷ್ಟು ಹಗುರ. ಆಲ್ಬಂ ಹಾಗಲ್ಲ, ಒಂದೊಂದು ಮದುವೆಯೂ ಹತ್ತಾರು ಜಿಬಿ ನುಂಗುತ್ತದೆ. ಆದ್ದರಿಂದ ಪ್ರತಿ ವಿನ್ಯಾಸಕಾರರ ಫೋಲ್ಡರಿಗೂ ಕೋಟಾ, ಅಂದರೆ ಜಾಗದ ಮಿತಿ ಹಾಕಿದ್ದೆ.

ಲಗ್ನದ ತಿಂಗಳೊಂದರಲ್ಲಿ ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿದ್ದಾಗ ಡಿಟಿಪಿ ವಿಭಾಗದ ಮೇಲ್ವಿಚಾರಕಿ ಫೋನ್ ಮಾಡಿದರು. ‘ಸರ್, ಜಾಗ ಇಲ್ಲ ಎನ್ನುತ್ತಿದೆ, ಸೇವ್ ಆಗುತ್ತಿಲ್ಲ. ಪಾರ್ಟಿ ಎದುರಿಗೇ ಕೂತಿದ್ದಾರೆ.’ ಬಸ್ಸಿನಲ್ಲಿ ಕೂತು ಏನು ಮಾಡಲಿ? ಸರ್ವರಿನ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನೇ ಹೇಳಿಬಿಟ್ಟೆ. ಆ ದಿನದ ಕೆಲಸ ಸಾಗಿತು. ಆದರೆ ಆ ಪಾಸ್‌ವರ್ಡ್ ಒಂದು ಚೀಟಿಗೆ ಇಳಿಯಿತು, ಚೀಟಿ ಮಾನಿಟರಿನ ಕೆಳಗೆ ಅಂಟಿತು. ಎರಡೇ ವಾರದಲ್ಲಿ ಯಾರೋ ‘ಈ ಕೋಟಾ ಕಾಟವೇ ಬೇಡ’ ಎಂದು ಮಿತಿಯನ್ನೆಲ್ಲ ಅಳಿಸಿದರು. ಡಿಸ್ಕ್ ತುಂಬಿತು. ಅದೇ ಡಿಸ್ಕಿನಲ್ಲಿದ್ದ ಬಿಲ್ಲಿಂಗ್ ತಂತ್ರಾಂಶವೂ ನಿಂತುಹೋಯಿತು. ಅಳಿಸಿದವರನ್ನು ಬೈಯುವಂತಿರಲಿಲ್ಲ. ಕೀಲಿಕೈ ಗೊಂಚಲು ಕೊಟ್ಟವನು ನಾನು.

ಈ ಸೀಮೆಯ ಕೆರೆಗಳಿಗೆ ನೀರುಗಂಟಿ ಎಂಬೊಬ್ಬ ಇರುತ್ತಿದ್ದ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವನ ಅಧಿಕಾರ. ಕೆರೆಯ ಏರಿ ಕಡಿಯುವುದು ಅವನ ಅಧಿಕಾರವಾಗಿರಲಿಲ್ಲ. ಫೈಲ್ ಸರ್ವರಿನಲ್ಲಿಯೂ ನಮಗೆ ಬೇಕಿರುವುದು ಒಬ್ಬ ನೀರುಗಂಟಿ. ವಿಂಡೋಸ್ ಸರ್ವರ್ ಇಂಥ ಹುದ್ದೆಯನ್ನು ತಾನಾಗಿ ಕೊಡುವುದಿಲ್ಲ, ನಾವೇ ಕಟ್ಟಿಕೊಳ್ಳಬೇಕು. ಕಟ್ಟುವ ಬಗೆಯನ್ನು ಇಲ್ಲಿ ಮೊದಲಿನಿಂದ ಬರೆದಿದ್ದೇನೆ. ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಸರ್ವರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಎರಡು ಬಗೆಯ ಕೋಟಾ

ವಿಂಡೋಸಿನಲ್ಲಿ ಕೋಟಾ ಎಂಬ ಹೆಸರಿನ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಎಷ್ಟೋ ಗೊಂದಲ ಇಲ್ಲೇ ಹುಟ್ಟುತ್ತದೆ.

ಹಳೆಯದು ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ವಿಂಡೋಸಿನ ಒಂದು ಪದ್ಧತಿ) ಡಿಸ್ಕ್ ಕೋಟಾ. ಡ್ರೈವಿನ ಪ್ರಾಪರ್ಟೀಸ್ ತೆರೆದರೆ ‘ಕೋಟಾ’ ಎಂಬ ಹಾಳೆಯಲ್ಲಿ ಕಾಣುತ್ತದೆ. ಇದು ಬಳಕೆದಾರರ ಲೆಕ್ಕ: ಇಡೀ ಡ್ರೈವಿನಲ್ಲಿ ಯಾರ ಒಡೆತನದ ಫೈಲುಗಳು ಎಷ್ಟಿವೆ ಎಂದು ಎಣಿಸುತ್ತದೆ, ಅದೂ ಫೈಲಿನ ತಾರ್ಕಿಕ ಗಾತ್ರದ ಮೇಲೆ, ಅಂದರೆ ಕುಗ್ಗಿಸಿ ಇಟ್ಟಿದ್ದರೂ ಅದರ ಪೂರ್ಣ ಗಾತ್ರದ ಮೇಲೆ. ಅಡ್ಮಿನಿಸ್ಟ್ರೇಟರುಗಳನ್ನು ಇದು ತಡೆಯುವುದಿಲ್ಲ.

ಎರಡನೆಯದು ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್, ಚಿಕ್ಕದಾಗಿ ಎಫ್‌ಎಸ್‌ಆರ್‌ಎಂ. ವಿಂಡೋಸ್ ಸರ್ವರ್ 2003 ಆರ್2 ಕಾಲದಲ್ಲಿ ಬಂದದ್ದು. ಇದರ ಲೆಕ್ಕ ಫೋಲ್ಡರಿನದು. ಬರೆದವರು ಯಾರೇ ಇರಲಿ, ಆ ಫೋಲ್ಡರಿನಲ್ಲಿ ಡಿಸ್ಕಿನ ಮೇಲೆ ನಿಜವಾಗಿ ಹಿಡಿದಿರುವ ಜಾಗವೆಷ್ಟು ಎಂಬುದನ್ನು ಅಳೆಯುತ್ತದೆ. ಮುದ್ರಣಾಲಯದಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಂದುವರಿಸುತ್ತಾರೆ, ಫೈಲಿನ ಒಡೆತನ ಕಲಸುಮೇಲೋಗರ. ಇಂಥಲ್ಲಿ ಬಳಕೆದಾರರ ಲೆಕ್ಕ ಹಿಡಿದು ಕೂತರೆ ಜಗಳವೇ ಗತಿ. ನನ್ನ ಆಯ್ಕೆ ಎಫ್‌ಎಸ್‌ಆರ್‌ಎಂ. ಮುಂದೆ ಹೇಳುವುದೆಲ್ಲ ಅದರ ಮಾತೇ.

ಯಾರಿಗೆ ಅಧಿಕಾರ ಇದೆ, ಯಾರಿಗೆ ಇಲ್ಲ

ಎಫ್‌ಎಸ್‌ಆರ್‌ಎಂ ಕೋಟಾ ಹಾಕಲು, ಬದಲಿಸಲು, ಅಳಿಸಲು ಆ ಸರ್ವರಿನ ಲೋಕಲ್ ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿ ಇರಬೇಕು. ನಿಮ್ಮ ಮೇಜಿನ ಕಂಪ್ಯೂಟರಿನಿಂದ ದೂರ ನಿರ್ವಹಣೆ ಮಾಡುವುದಾದರೂ ಅಷ್ಟೇ. ಜೊತೆಗೆ ಸರ್ವರಿನ ಫೈರ್‌ವಾಲಿನಲ್ಲಿ ರಿಮೋಟ್ ಎಫ್‌ಎಸ್‌ಆರ್‌ಎಂ ನಿರ್ವಹಣೆಯ ನಿಯಮಗಳು ತೆರೆದಿರಬೇಕು.

ಫೋಲ್ಡರಿನ ಮೇಲೆ ಒಬ್ಬರಿಗೆ ಫುಲ್ ಕಂಟ್ರೋಲ್ ಕೊಟ್ಟರೂ ಅದರ ಕೋಟಾ ಬದಲಿಸುವ ಅಧಿಕಾರ ಅವರಿಗೆ ಬರುವುದಿಲ್ಲ. ಫೋಲ್ಡರಿನ ಅನುಮತಿ ಬೇರೆ, ಕೋಟಾದ ಅನುಮತಿ ಬೇರೆ. ಆಕ್ಟಿವ್ ಡೈರೆಕ್ಟರಿಯಲ್ಲಿ (ಕಚೇರಿಯ ಖಾತೆಗಳನ್ನೆಲ್ಲ ಒಂದೆಡೆ ಇಡುವ ವಿಂಡೋಸ್ ವ್ಯವಸ್ಥೆ) ‘ಡೆಲಿಗೇಟ್ ಕಂಟ್ರೋಲ್’ ಎಂಬ ವಿಝರ್ಡ್ ಓಡಿಸಿದರೆ ಸಿಗಬಹುದು ಎಂದು ನಾನೂ ಅರ್ಧ ದಿನ ಹುಡುಕಿದ್ದೆ. ಅದು ಖಾತೆ, ಗುಂಪುಗಳಂಥ ಡೈರೆಕ್ಟರಿ ವಸ್ತುಗಳಿಗೆ ಮಾತ್ರ. ಕೋಟಾ ಅಲ್ಲಿ ಇಲ್ಲ.

ಹಾಗಾದರೆ ಮೇಲ್ವಿಚಾರಕಿಯನ್ನು ಲೋಕಲ್ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಿಸಿದರೆ ಮುಗಿಯಿತಲ್ಲ ಎಂದು ಅನೇಕರು ಹೇಳುತ್ತಾರೆ, ಮಾಡುತ್ತಾರೆ ಕೂಡ. ಆಗ ಅವರು ಬಿಲ್ಲಿಂಗ್ ಫೋಲ್ಡರ್ ಓದಬಲ್ಲರು, ಸೇವೆಗಳನ್ನು ನಿಲ್ಲಿಸಬಲ್ಲರು, ಬ್ಯಾಕಪ್ ಅಳಿಸಬಲ್ಲರು. ಅವರು ಹಾಗೆ ಮಾಡುವವರಲ್ಲ, ಒಪ್ಪುತ್ತೇನೆ. ಅವರ ಕಂಪ್ಯೂಟರಿಗೆ ಪೆನ್‌ಡ್ರೈವಿನಲ್ಲಿ ಬರುವ ವೈರಸ್ಸಿಗೆ ಆ ಸಂಕೋಚವಿಲ್ಲ. ಮುದ್ರಣಾಲಯಕ್ಕೆ ದಿನಕ್ಕೆ ಎಷ್ಟು ಗಿರಾಕಿಗಳ ಪೆನ್‌ಡ್ರೈವ್ ಬರುತ್ತದೆ ಎಂದು ನೀವೇ ಊಹಿಸಿ.

ಮೊದಲ ಹೆಜ್ಜೆ: ಕೆರೆಯನ್ನು ಬೇರೆ ಮಾಡಿ

ಕೆಲಸದ ಫೈಲುಗಳಿಗೆ ಪ್ರತ್ಯೇಕ ಡ್ರೈವ್ ಇರಲಿ. ಸಿ ಡ್ರೈವಿನಲ್ಲಿ ಕೋಟಾದ ಆಟ ಬೇಡವೇ ಬೇಡ. ಬಿಲ್ಲಿಂಗ್ ಡೇಟಾಬೇಸನ್ನು ಆಲ್ಬಂ ಇರುವ ಡ್ರೈವಿನಲ್ಲಿ ಇಡಬೇಡಿ. ನನಗೆ ಆದದ್ದು ಮೇಲೆ ಹೇಳಿದ್ದೇನೆ. ಡ್ರೈವಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಬೇಕು, ಆರ್‌ಇಎಫ್‌ಎಸ್ ಎಂಬ ಇನ್ನೊಂದು ಪದ್ಧತಿ ಆದರೆ ಎಫ್‌ಎಸ್‌ಆರ್‌ಎಂ ಕೆಲಸ ಮಾಡುವುದಿಲ್ಲ. ಹೊಸ ಡಿಸ್ಕ್ ಹಾಕುವ ಉತ್ಸಾಹದಲ್ಲಿ ಆರ್‌ಇಎಫ್‌ಎಸ್ ಆಯ್ದು, ಒಂದು ಟಿಬಿ ನಕಲು ಮಾಡಿದ ಮೇಲೆ ಇದು ಗೊತ್ತಾದರೆ ರಾತ್ರಿ ಪೂರ್ತಿ ಮತ್ತೆ ನಕಲು ಮಾಡಬೇಕು.

ಎಫ್‌ಎಸ್‌ಆರ್‌ಎಂ ಸ್ಥಾಪಿಸಲು ಸರ್ವರ್ ಮ್ಯಾನೇಜರಿನಲ್ಲಿ ‘ಆಡ್ ರೋಲ್ಸ್ ಆ್ಯಂಡ್ ಫೀಚರ್ಸ್’ ತೆರೆದು, ಫೈಲ್ ಆ್ಯಂಡ್ ಸ್ಟೋರೇಜ್ ಸರ್ವಿಸಸ್, ಅದರೊಳಗೆ ಫೈಲ್ ಆ್ಯಂಡ್ ಐಸ್ಕಸಿ ಸರ್ವಿಸಸ್, ಅದರೊಳಗೆ ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್ ಗುರುತು ಹಾಕಿ. ಪವರ್‌ಶೆಲ್ (ಆದೇಶ ಟೈಪ್ ಮಾಡಿ ವಿಂಡೋಸ್ ನಡೆಸುವ ಸಾಧನ) ರೂಢಿಯಿದ್ದವರಿಗೆ ಒಂದೇ ಸಾಲು:

ಇನ್‌ಸ್ಟಾಲ್-ವಿಂಡೋಸ್‌ಫೀಚರ್ ಎಫ್‌ಎಸ್-ರಿಸೋರ್ಸ್-ಮ್ಯಾನೇಜರ್ -ಇನ್‌ಕ್ಲೂಡ್‌ಮ್ಯಾನೇಜ್‌ಮೆಂಟ್‌ಟೂಲ್ಸ್

ಎರಡನೆಯ ಹೆಜ್ಜೆ: ಫೋಲ್ಡರ್ ಮತ್ತು ಅದರ ಅನುಮತಿ

ಡಿ ಡ್ರೈವಿನಲ್ಲಿ ‘ಕೆಲಸ’ ಎಂಬ ತಾಯಿ ಫೋಲ್ಡರ್, ಅದರೊಳಗೆ ವಿನ್ಯಾಸಕಾರರಿಗೆ ಒಂದೊಂದರಂತೆ ಎಂಟು ಮರಿ ಫೋಲ್ಡರುಗಳು ಎಂದಿಟ್ಟುಕೊಳ್ಳಿ. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗವಿಲ್ಲದೆ, ಚುಕ್ಕೆಯಿಲ್ಲದೆ ಇರಲಿ. ಕಾರಣ ಮುಂದೆ ಬರುತ್ತದೆ.

ಹಂಚಿಕೆಯ ಅನುಮತಿಯಲ್ಲಿ, ಅಂದರೆ ಶೇರ್ ಪರ್ಮಿಷನ್ನಿನಲ್ಲಿ, ಸಿಬ್ಬಂದಿಗೆ ‘ಚೇಂಜ್’ ಸಾಕು. ‘ಫುಲ್ ಕಂಟ್ರೋಲ್’ ಕೊಟ್ಟರೆ ತಾವು ಸೃಷ್ಟಿಸಿದ ಫೋಲ್ಡರುಗಳ ಅನುಮತಿಯನ್ನು ಅವರೇ ತಿದ್ದಬಹುದು, ಏಕೆಂದರೆ ಒಡೆಯನಿಗೆ ಆ ಹಕ್ಕು ತಾನಾಗಿ ಬರುತ್ತದೆ. ಶೇರ್ ಮಟ್ಟದಲ್ಲಿ ‘ಚೇಂಜ್’ ಇದ್ದರೆ ನೆಟ್‌ವರ್ಕಿನ ಮೂಲಕ ಆ ದಾರಿ ಮುಚ್ಚುತ್ತದೆ. ಎನ್‌ಟಿಎಫ್‌ಎಸ್ ಅನುಮತಿಯಲ್ಲಿ ಮರಿ ಫೋಲ್ಡರುಗಳಿಗೆ ‘ಮಾಡಿಫೈ’.

ತಾಯಿ ಫೋಲ್ಡರಿನಲ್ಲಿ ನೇರವಾಗಿ ಹೊಸ ಫೋಲ್ಡರ್ ಮಾಡುವ ಅವಕಾಶ ಮಾತ್ರ ಸಿಬ್ಬಂದಿಗೆ ಇರಬಾರದು, ಪಟ್ಟಿ ನೋಡಲು ಬಂದರೆ ಸಾಕು. ಮುಂದಿನ ಹೆಜ್ಜೆಯಲ್ಲಿ ಪ್ರತಿ ಹೊಸ ಮರಿ ಫೋಲ್ಡರಿಗೂ ತಾನಾಗಿ ಕೋಟಾ ಹುಟ್ಟುವಂತೆ ಮಾಡಲಿದ್ದೇವೆ. ತಾಯಿ ಫೋಲ್ಡರಿನಲ್ಲಿ ಯಾರು ಬೇಕಾದರೂ ಫೋಲ್ಡರ್ ಮಾಡಬಹುದಾದರೆ, ಜಾಗ ಮುಗಿದವರು ‘ಹೊಸದು 2’ ಎಂದೊಂದು ಫೋಲ್ಡರ್ ಮಾಡಿಕೊಂಡು ಇನ್ನೂ 40 ಜಿಬಿ ಗಿಟ್ಟಿಸುತ್ತಾರೆ. ಇದನ್ನು ಕಂಡುಹಿಡಿಯಲು ನಮ್ಮ ಹುಡುಗರಿಗೆ ಮೂರು ದಿನ ಕೂಡ ಬೇಕಾಗಲಿಲ್ಲ.

ಮೂರನೆಯ ಹೆಜ್ಜೆ: ಟೆಂಪ್ಲೇಟುಗಳು

ಟೆಂಪ್ಲೇಟ್ ಎಂದರೆ ಕೋಟಾದ ಅಚ್ಚು. ಅದಿಲ್ಲದೆ ನೇರ ಕೋಟಾ ಹಾಕುವವರು ಮುಂದೆ ಪಶ್ಚಾತ್ತಾಪ ಪಡುತ್ತಾರೆ. ಟೆಂಪ್ಲೇಟಿನಿಂದ ಹುಟ್ಟಿದ ಕೋಟಾಗಳನ್ನು ಒಂದೇ ಕಡೆ ತಿದ್ದಬಹುದು. ತಿದ್ದಿದಾಗ ‘ಮೂಲ ಟೆಂಪ್ಲೇಟಿನಂತೆಯೇ ಇರುವ ಕೋಟಾಗಳಿಗೆ ಮಾತ್ರ ಅನ್ವಯಿಸಲೇ, ಎಲ್ಲಕ್ಕೂ ಅನ್ವಯಿಸಲೇ, ಬೇಡವೇ’ ಎಂದು ಅದೇ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾವು ಕಟ್ಟಲಿರುವ ನೀರುಗಂಟಿ ವ್ಯವಸ್ಥೆ ನಿಂತಿರುವುದೇ ಟೆಂಪ್ಲೇಟುಗಳ ಮೇಲೆ.

ನಾನು ಮೂರು ಮಾಡಿದೆ: ‘ಸಾಮಾನ್ಯ’ 40 ಜಿಬಿ, ‘ಲಗ್ನ’ 80 ಜಿಬಿ, ‘ಆಲ್ಬಂ’ 150 ಜಿಬಿ. ಮೂರೂ ಹಾರ್ಡ್ ಕೋಟಾ, ಅಂದರೆ ಮಿತಿ ಮುಟ್ಟಿದರೆ ಬರವಣಿಗೆ ನಿಲ್ಲುತ್ತದೆ. ಸಾಫ್ಟ್ ಕೋಟಾ ಎಂಬುದೂ ಇದೆ, ಅದು ಎಚ್ಚರಿಕೆ ಕೊಡುತ್ತದೆ, ತಡೆಯುವುದಿಲ್ಲ. ಹೊಸದಾಗಿ ಆರಂಭಿಸುವವರು ಮೊದಲ ಒಂದು ತಿಂಗಳು ಸಾಫ್ಟ್ ಇಟ್ಟು ಯಾರ ಬಳಕೆ ಎಷ್ಟೆಂದು ನೋಡಿ ಆಮೇಲೆ ಹಾರ್ಡ್ ಮಾಡುವುದು ಜಾಣತನ. ನಾನು ಹಾಗೆ ಮಾಡಲಿಲ್ಲ, ಮೊದಲ ವಾರದಲ್ಲೇ ಐದು ಫೋನ್ ಬಂದವು.

ಈಗ ಒಂದು ಸಣ್ಣ ಲೆಕ್ಕ. 2 ಟಿಬಿ ಎಂದು ಮಾರುವ ಡಿಸ್ಕ್ ವಿಂಡೋಸಿನ ಲೆಕ್ಕದಲ್ಲಿ ಸುಮಾರು 1,862 ಜಿಬಿ. ಎಂಟೂ ಫೋಲ್ಡರುಗಳನ್ನು ಯಾರಾದರೂ ಅತಿ ದೊಡ್ಡ ಟೆಂಪ್ಲೇಟಿಗೆ ಏರಿಸಿದರು ಎಂದುಕೊಳ್ಳಿ: 8 ಗುಣಿಸು 150, ಒಟ್ಟು 1,200 ಜಿಬಿ. ಡಿಸ್ಕ್ ಆಗಲೂ ತುಂಬುವುದಿಲ್ಲ. ಅಧಿಕಾರ ಹಂಚುವ ಮೊದಲು ಈ ಗುಣಾಕಾರ ಮಾಡಲೇಬೇಕು. ಅಧಿಕಾರ ಪಡೆದವರು ಮಾಡಬಹುದಾದ ಅತಿ ಕೆಟ್ಟ ಕೆಲಸವೂ ಏರಿ ಒಡೆಯದಂತಿರಬೇಕು. ಜೊತೆಗೆ ತಾಯಿ ಫೋಲ್ಡರಿಗೇ 1,500 ಜಿಬಿ ಹಾರ್ಡ್ ಕೋಟಾ ಹಾಕಿ. ತಾಯಿಗೂ ಮರಿಗೂ ಮಿತಿ ಇದ್ದಾಗ ಯಾವುದು ಮೊದಲು ಮುಟ್ಟುತ್ತದೆಯೋ ಅದೇ ತಡೆಯುತ್ತದೆ.

ಟೆಂಪ್ಲೇಟ್ ಸಿದ್ಧವಾದ ಮೇಲೆ ತಾಯಿ ಫೋಲ್ಡರಿನ ಮೇಲೆ ‘ಆಟೋ ಅಪ್ಲೈ’ ಕೋಟಾ ಸೃಷ್ಟಿಸಿ, ‘ಸಾಮಾನ್ಯ’ ಟೆಂಪ್ಲೇಟನ್ನು ಆಯ್ದುಕೊಳ್ಳಿ. ಈಗಿರುವ ಮರಿ ಫೋಲ್ಡರುಗಳಿಗೂ ಮುಂದೆ ಹುಟ್ಟುವ ಫೋಲ್ಡರುಗಳಿಗೂ 40 ಜಿಬಿ ತಾನಾಗಿ ಬೀಳುತ್ತದೆ.

ನಾಲ್ಕನೆಯ ಹೆಜ್ಜೆ: ಎಚ್ಚರಿಕೆ

ವಿಂಡೋಸಿನೊಂದಿಗೇ ಬರುವ ಮಾದರಿ ಟೆಂಪ್ಲೇಟುಗಳಲ್ಲಿ ಶೇ 85, 95 ಮತ್ತು 100ರ ಹಂತಗಳಿವೆ. ಹಾಗೆಯೇ ಇಟ್ಟುಕೊಳ್ಳಬಹುದು. ಪ್ರತಿ ಹಂತಕ್ಕೂ ಇಮೇಲ್, ಇವೆಂಟ್ ಲಾಗ್ (ಸರ್ವರ್ ಬರೆದಿಡುವ ಘಟನೆಗಳ ದಾಖಲೆ), ಕಮಾಂಡ್, ವರದಿ ಎಂಬ ನಾಲ್ಕು ಬಗೆಯ ಸೂಚನೆಗಳಿವೆ. ಒಂದೇ ಬಗೆಯ ಸೂಚನೆ ಮತ್ತೆ ಬರಲು ಪೂರ್ವನಿಯೋಜಿತವಾಗಿ 60 ನಿಮಿಷದ ಅಂತರ.

ಇಮೇಲ್ ವಿಚಾರದಲ್ಲಿ ನಿರಾಶೆಗೆ ಸಿದ್ಧರಾಗಿ. ಎಫ್‌ಎಸ್‌ಆರ್‌ಎಂ ಸೆಟ್ಟಿಂಗಿನಲ್ಲಿ ಮೇಲ್ ಸರ್ವರಿನ ಹೆಸರು, ಯಾರಿಗೆ, ಯಾರಿಂದ ಎಂಬುದಿದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಹಾಕಲು ಜಾಗವೇ ಇಲ್ಲ. ಹಾಗಾಗಿ ಜಿಮೇಲ್‌ನಂಥ ಸೇವೆಗೆ ನೇರವಾಗಿ ಜೋಡಿಸಲು ಬರುವುದಿಲ್ಲ, ನಡುವೆ ಒಂದು ರಿಲೇ, ಅಂದರೆ ಮೇಲ್ ಪಡೆದು ಮುಂದಕ್ಕೆ ಕಳಿಸುವ ಸರ್ವರ್, ಬೇಕು. ಸಣ್ಣ ಕಚೇರಿಗೆ ಇವೆಂಟ್ ಲಾಗ್ ಸಾಕು. ಅಪ್ಲಿಕೇಷನ್ ಲಾಗಿನಲ್ಲಿ ‘ಎಸ್‌ಆರ್‌ಎಂಎಸ್‌ವಿಸಿ’ ಎಂಬ ಮೂಲದ ಹೆಸರಿನಲ್ಲಿ ದಾಖಲೆ ಬೀಳುತ್ತದೆ.

ಶೇ 95ರ ಎಚ್ಚರಿಕೆಯನ್ನು ಹಗುರವಾಗಿ ನೋಡಬೇಡಿ. ಅನೇಕ ವಿನ್ಯಾಸ ತಂತ್ರಾಂಶಗಳು ಸೇವ್ ಮಾಡುವಾಗ ಮೊದಲು ಹೊಸ ಪ್ರತಿಯನ್ನು ಬರೆದು, ಆಮೇಲೆ ಹಳೆಯದನ್ನು ಅಳಿಸುತ್ತವೆ. 3 ಜಿಬಿ ಫೈಲಿನಲ್ಲಿ ಒಂದು ಅಕ್ಷರ ತಿದ್ದಿ ಸೇವ್ ಮಾಡಲೂ ಕ್ಷಣಕಾಲ ಇನ್ನೂ 3 ಜಿಬಿ ಬೇಕು. ‘ನಾನೇನೂ ಸೇರಿಸಲಿಲ್ಲ, ವಧುವಿನ ಹೆಸರಿನ ಒತ್ತಕ್ಷರ ತಿದ್ದಿದೆ ಅಷ್ಟೇ’ ಎಂದು ಹುಡುಗ ಅಳುಮೋರೆ ಹಾಕಿದ್ದು ಸುಳ್ಳಲ್ಲ.

ಕಮಾಂಡ್ ಎಂಬ ಕಳ್ಳಗಂಡಿ

ಅಧಿಕಾರ ಹಂಚುವ ಮೊದಲು ಇದನ್ನು ತಿಳಿದಿರಬೇಕು. ನಾಲ್ಕು ಸೂಚನೆಗಳಲ್ಲಿ ‘ಕಮಾಂಡ್’ ಎಂಬುದೊಂದಿದೆಯಲ್ಲ, ಅದು ಹಂತ ಮುಟ್ಟಿದಾಗ ಸರ್ವರಿನಲ್ಲಿ ಒಂದು ಪ್ರೋಗ್ರಾಮನ್ನು ಓಡಿಸುತ್ತದೆ. ಓಡಿಸುವ ಖಾತೆಯನ್ನು ಆಯ್ದುಕೊಳ್ಳಬಹುದು: ಲೋಕಲ್ ಸರ್ವಿಸ್, ನೆಟ್‌ವರ್ಕ್ ಸರ್ವಿಸ್ ಅಥವಾ ಲೋಕಲ್ ಸಿಸ್ಟಮ್. ಕೊನೆಯದು ಸರ್ವರಿನಲ್ಲಿ ಅಡ್ಮಿನಿಸ್ಟ್ರೇಟರಿಗಿಂತಲೂ ಮೇಲಿನ ಪೀಠ.

ಇದರ ಸದುಪಯೋಗವೂ ಇದೆ. ವಿಂಡೋಸಿನ ಮಾದರಿ ಟೆಂಪ್ಲೇಟೊಂದು 200 ಎಂಬಿ ತುಂಬಿದಾಗ ತಾನೇ ಒಂದು ಆದೇಶ ಓಡಿಸಿ, ಫೋಲ್ಡರನ್ನು 250 ಎಂಬಿಯ ಟೆಂಪ್ಲೇಟಿಗೆ ಏರಿಸುತ್ತದೆ. ಮನುಷ್ಯರಿಗೆ ಅಧಿಕಾರವನ್ನೇ ಕೊಡದೆ ಒಂದು ಸಲದ ವಿನಾಯಿತಿ ಕೊಡುವ ಉಪಾಯ ಅದು. ಆದರೆ ‘ಕೋಟಾ ಮಾತ್ರ ನೋಡಿಕೊಳ್ಳಲಿ’ ಎಂದು ಯಾರಿಗಾದರೂ ಕೋಟಾದ ಪೂರ್ಣ ಅಧಿಕಾರ ಕೊಟ್ಟರೆ, ಅವರು ಒಂದು ಕೋಟಾ ಮಾಡಿ, ಅದಕ್ಕೊಂದು ಕಮಾಂಡ್ ಸೇರಿಸಿ, ಫೋಲ್ಡರಿಗೆ ನಾಲ್ಕು ಫೈಲು ಸುರಿದು ಸರ್ವರಿನಲ್ಲಿ ಏನು ಬೇಕಾದರೂ ಓಡಿಸಬಹುದು. ತನಗೆ ಅಡ್ಮಿನಿಸ್ಟ್ರೇಟರ್ ಪಟ್ಟ ಕಟ್ಟಿಕೊಳ್ಳುವುದೂ ಸೇರಿ. ಹೊಸ ಕೋಟಾ ಸೃಷ್ಟಿ, ಟೆಂಪ್ಲೇಟ್ ತಿದ್ದುವಿಕೆ, ಹಂತಗಳ ಬದಲಾವಣೆ, ಈ ಮೂರು ನೀರುಗಂಟಿಯ ಕೈಗೆ ಹೋಗಬಾರದು. ಅವರಿಗೆ ಬೇಕಾದದ್ದು ಎರಡೇ: ಕೋಟಾ ನೋಡುವುದು, ಮತ್ತು ಇರುವ ಫೋಲ್ಡರನ್ನು ನಾವು ಮೊದಲೇ ಮಾಡಿಟ್ಟ ಮೂರು ಟೆಂಪ್ಲೇಟುಗಳಲ್ಲಿ ಒಂದಕ್ಕೆ ಬದಲಿಸುವುದು.

ಐದನೆಯ ಹೆಜ್ಜೆ: ನೀರುಗಂಟಿಯ ನೇಮಕ

ಇದಕ್ಕೆ ವಿಂಡೋಸಿನಲ್ಲೇ ಇರುವ ಸಾಧನ ಜಸ್ಟ್ ಎನಫ್ ಅಡ್ಮಿನಿಸ್ಟ್ರೇಷನ್, ಅಂದರೆ ಜೆಇಎ. ಪವರ್‌ಶೆಲ್ 5.1 ಇರುವ ಸರ್ವರಿನಲ್ಲಿ ಬೇರೇನೂ ಕೊಳ್ಳಬೇಕಿಲ್ಲ. ಬಳಕೆದಾರರು ಸರ್ವರಿಗೆ ದೂರದಿಂದ ಪವರ್‌ಶೆಲ್ ಮೂಲಕ ಸೇರುತ್ತಾರೆ. ಅಲ್ಲಿ ನಾವು ಅನುಮತಿಸಿದ ಆದೇಶಗಳಷ್ಟೇ ಕಾಣುತ್ತವೆ. ಆ ಆದೇಶಗಳು ಮಾತ್ರ ತಾತ್ಕಾಲಿಕವಾದ ವರ್ಚುವಲ್ ಖಾತೆಯೊಂದರಲ್ಲಿ ಅಡ್ಮಿನಿಸ್ಟ್ರೇಟರ್ ಬಲದಿಂದ ನಡೆಯುತ್ತವೆ. ಬಳಕೆದಾರರ ಸ್ವಂತ ಖಾತೆ ಸಾಮಾನ್ಯ ಖಾತೆಯಾಗಿಯೇ ಉಳಿಯುತ್ತದೆ. ಇನ್ನೊಬ್ಬರ ಫೋಲ್ಡರಿನ ಮಿತಿ ಏರಿಸಬಲ್ಲರು, ಅದರೊಳಗಿನ ಫೈಲು ತೆರೆಯಲಾರರು.

ಒಂದು ಎಚ್ಚರಿಕೆ: ಫೈಲ್ ಸರ್ವರೇ ಡೊಮೇನ್ ಕಂಟ್ರೋಲರ್ (ಇಡೀ ಕಚೇರಿಯ ಖಾತೆಗಳನ್ನು ನೋಡಿಕೊಳ್ಳುವ ಸರ್ವರ್) ಕೂಡ ಆಗಿದ್ದರೆ ಆ ವರ್ಚುವಲ್ ಖಾತೆಗೆ ಡೊಮೇನ್ ಅಡ್ಮಿನ್ ಬಲ ಬರುತ್ತದೆ. ಸಣ್ಣ ಊರಿನ ಕಚೇರಿಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿ ಎಲ್ಲವನ್ನೂ ತುಂಬುವುದು ರೂಢಿ. ಸಾಧ್ಯವಾದರೆ ಮೊದಲು ಅದನ್ನು ಬೇರ್ಪಡಿಸಿ.

ಮೊದಲು ‘ಕೋಟಾಗಂಟಿ’ ಎಂಬ ಗುಂಪು ಮಾಡಿ. ಡೊಮೇನ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಸರ್ವರಿನ ಲೋಕಲ್ ಗುಂಪಾಗಿ. ಮೇಲ್ವಿಚಾರಕಿಯ ಖಾತೆಯನ್ನು ಅದಕ್ಕೆ ಸೇರಿಸಿ. ಮನುಷ್ಯರ ಹೆಸರಿಗೆ ನೇರವಾಗಿ ಅಧಿಕಾರ ಬರೆಯಬೇಡಿ, ಯಾವಾಗಲೂ ಗುಂಪಿಗೆ ಬರೆಯಿರಿ.

ಎರಡನೆಯದು ಪಾತ್ರದ (ರೋಲ್) ಫೈಲು, ಯಾವ ಆದೇಶಗಳಿಗೆ ಅನುಮತಿ ಎಂದು ಹೇಳುವುದು. ಪ್ರೋಗ್ರಾಮ್ ಫೈಲ್ಸ್ ಒಳಗಿನ ವಿಂಡೋಸ್‌ಪವರ್‌ಶೆಲ್, ಅದರೊಳಗಿನ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಹೊಸ ಮಾಡ್ಯೂಲಿಗೆ ಒಂದು ಫೋಲ್ಡರ್ ಮಾಡಿ, ಅದೇ ಹೆಸರಿನ ಖಾಲಿ ಮಾಡ್ಯೂಲ್ ಫೈಲಿಟ್ಟು, ಒಳಗೆ ‘ರೋಲ್‌ಕೇಪಬಿಲಿಟೀಸ್’ ಎಂಬ ಉಪಫೋಲ್ಡರ್ ಮಾಡಿ. ಈ ಹೆಸರಿನ ಕಾಗುಣಿತ ತಪ್ಪಿದರೆ ಪಾತ್ರವನ್ನು ಸರ್ವರ್ ಹುಡುಕಲಾರದು. ಅದರೊಳಗೆ ನ್ಯೂ-ಪಿಎಸ್‌ರೋಲ್‌ಕೇಪಬಿಲಿಟಿಫೈಲ್ ಆದೇಶದಿಂದ ‘ಪಿಎಸ್‌ಆರ್‌ಸಿ’ ವಿಸ್ತರಣೆಯ ಫೈಲು ಸೃಷ್ಟಿಸಿ, ನೋಟ್‌ಪ್ಯಾಡಿನಲ್ಲಿ ತೆರೆಯಿರಿ.

ಇಲ್ಲಿ ನಾನು ಒಂದು ಸಂಜೆ ಕಳೆದುಕೊಂಡೆ. ಫೈಲಿನಲ್ಲಿ ‘ವಿಸಿಬಲ್‌ಕಮ್ಯಾಂಡ್‌ಲೆಟ್ಸ್’ ಎಂಬ ಸಾಲಿದೆ, ಸಹಜವಾಗಿ ಅಲ್ಲೇ ಆದೇಶಗಳನ್ನು ಬರೆದೆ. ಸೇರಿದ ಮೇಲೆ ಒಂದೂ ಕಾಣಲಿಲ್ಲ. ಎಫ್‌ಎಸ್‌ಆರ್‌ಎಂ ಆದೇಶಗಳು ನೋಡಲು ಕಮ್ಯಾಂಡ್‌ಲೆಟ್ಟಿನಂತಿದ್ದರೂ ಪವರ್‌ಶೆಲ್ ಅವನ್ನು ಫಂಕ್ಷನ್ ಎಂದು ಪರಿಗಣಿಸುತ್ತದೆ. ಆದ್ದರಿಂದ ಅವನ್ನು ‘ವಿಸಿಬಲ್‌ಫಂಕ್ಷನ್ಸ್’ ಸಾಲಿನಲ್ಲಿ ಬರೆಯಬೇಕು. ಅನುಮಾನವಿದ್ದರೆ ಗೆಟ್-ಕಮಾಂಡ್ ಓಡಿಸಿ ಮೊದಲ ಅಂಕಣ ನೋಡಿ.

ಬರೆಯಬೇಕಾದವು ಎರಡು. ಗೆಟ್-ಎಫ್‌ಎಸ್‌ಆರ್‌ಎಂಕೋಟಾ, ನೋಡಲು, ಇದಕ್ಕೆ ‘ಪಾತ್’ (ಫೋಲ್ಡರಿನ ದಾರಿ) ಎಂಬ ಒಂದೇ ನಿಯತಾಂಕ, ಅಂದರೆ ಆದೇಶದ ಜೊತೆ ಕೊಡುವ ವಿವರ, ಕೊಡಿ. ರೀಸೆಟ್-ಎಫ್‌ಎಸ್‌ಆರ್‌ಎಂಕೋಟಾ, ಇರುವ ಕೋಟಾವನ್ನು ಬೇರೊಂದು ಟೆಂಪ್ಲೇಟಿಗೆ ಬದಲಿಸಲು. ಇದಕ್ಕೆ ‘ಪಾತ್’ ಮತ್ತು ‘ಟೆಂಪ್ಲೇಟ್’. ಟೆಂಪ್ಲೇಟಿಗೆ ‘ವ್ಯಾಲಿಡೇಟ್‌ಸೆಟ್’ ಹಾಕಿ, ನಮ್ಮ ಮೂರು ಹೆಸರುಗಳನ್ನಷ್ಟೇ ಬರೆಯಿರಿ. ‘ಪಾತ್’ಗೆ ‘ವ್ಯಾಲಿಡೇಟ್‌ಪ್ಯಾಟರ್ನ್’ ಹಾಕಿ: ಕ್ಯಾರೆಟ್ (^) ಚಿಹ್ನೆಯಿಂದ ಆರಂಭವಾಗಿ, ಕೆಲಸದ ಫೋಲ್ಡರಿನ ಪೂರ್ಣ ದಾರಿ, ಆಮೇಲೆ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ, ಕೊನೆಗೆ ಡಾಲರ್ ಚಿಹ್ನೆ. ಹಿಂದೋರೆ ಗೆರೆಯನ್ನು (ಬ್ಯಾಕ್‌ಸ್ಲ್ಯಾಶ್) ಎರಡೆರಡು ಸಲ ಬರೆಯಬೇಕು. ಆರಂಭ ಮತ್ತು ಅಂತ್ಯದ ಚಿಹ್ನೆ ಬಿಟ್ಟರೆ, ಆ ಅಕ್ಷರಗಳು ದಾರಿಯ ನಡುವೆ ಎಲ್ಲಿದ್ದರೂ ಒಪ್ಪಿಬಿಡುತ್ತದೆ. ಚುಕ್ಕೆಗೆ ಅವಕಾಶ ಕೊಟ್ಟರೆ ಎರಡು ಚುಕ್ಕೆ ಹಾಕಿ ಮೇಲಿನ ಫೋಲ್ಡರಿಗೆ ಹಾರಬಹುದು. ಫೋಲ್ಡರಿನ ಹೆಸರು ಸರಳವಾಗಿರಲಿ ಎಂದದ್ದು ಇದಕ್ಕೇ. ತಾಯಿ ಫೋಲ್ಡರ್ ಈ ಮಾದರಿಗೆ ಹೊಂದುವುದಿಲ್ಲವಾದ್ದರಿಂದ ಅದರ 1,500 ಜಿಬಿ ಮಿತಿಯನ್ನು ಅವರು ಮುಟ್ಟಲಾರರು.

ಸೆಟ್-ಎಫ್‌ಎಸ್‌ಆರ್‌ಎಂಕೋಟಾ ಕೊಟ್ಟರೆ ನೇರವಾಗಿ ಬೇಕಾದ ಗಾತ್ರ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಅದರಲ್ಲಿ ‘ಥ್ರೆಶೋಲ್ಡ್’ ಎಂಬ ನಿಯತಾಂಕವಿದೆ, ಕಳ್ಳಗಂಡಿಯ ಕದ ಅದೇ. ಅದನ್ನು ಮುಚ್ಚಿ ಗಾತ್ರವನ್ನಷ್ಟೇ ಬಿಡಬಹುದು, ಆದರೆ ಆಗ ಮೇಲೆ ಮಾಡಿದ ಗುಣಾಕಾರಕ್ಕೆ ಅರ್ಥವಿರುವುದಿಲ್ಲ. ಮೂರು ಅಳತೆಯ ಕೊಳಗವೇ ಸಾಕು.

ಮೂರನೆಯದು ಅಧಿವೇಶನದ (ಸೆಷನ್, ಅಂದರೆ ಸರ್ವರಿಗೆ ಒಮ್ಮೆ ಸೇರಿ ಹೊರಬರುವವರೆಗಿನ ಸಂಪರ್ಕ) ಫೈಲು, ವಿಸ್ತರಣೆ ‘ಪಿಎಸ್‌ಎಸ್‌ಸಿ’. ನ್ಯೂ-ಪಿಎಸ್‌ಸೆಷನ್‌ಕಾನ್ಫಿಗರೇಷನ್‌ಫೈಲ್ ಆದೇಶಕ್ಕೆ ಸೆಷನ್‌ಟೈಪ್ ‘ರಿಸ್ಟ್ರಿಕ್ಟೆಡ್‌ರಿಮೋಟ್‌ಸರ್ವರ್’ ಎಂದು ಕೊಡಿ. ಇದನ್ನು ಮರೆತರೆ ಬೇಲಿಯೇ ಇಲ್ಲದ ಹೊಲವಾಗುತ್ತದೆ. ಒಳಗೆ ‘ರನ್‌ಆ್ಯಸ್‌ವರ್ಚುವಲ್‌ಅಕೌಂಟ್’ ನಿಜ ಎಂದು ಬರೆಯಿರಿ, ‘ರೋಲ್‌ಡೆಫಿನಿಷನ್ಸ್’ ಸಾಲಿನಲ್ಲಿ ಕೋಟಾಗಂಟಿ ಗುಂಪಿಗೆ ನಮ್ಮ ಪಾತ್ರವನ್ನು ಜೋಡಿಸಿ, ‘ಟ್ರಾನ್‌ಸ್ಕ್ರಿಪ್ಟ್‌ಡೈರೆಕ್ಟರಿ’ಗೆ ಒಂದು ಫೋಲ್ಡರ್ ತೋರಿಸಿ. ಆ ಫೋಲ್ಡರಿಗೆ ಅಡ್ಮಿನಿಸ್ಟ್ರೇಟರ್ ಮತ್ತು ಸಿಸ್ಟಮ್ ಖಾತೆಯ ಹೊರತು ಯಾರಿಗೂ ಪ್ರವೇಶ ಬೇಡ. ಯಾರು, ಎಷ್ಟು ಹೊತ್ತಿಗೆ, ಯಾವ ಫೋಲ್ಡರನ್ನು ಏರಿಸಿದರು ಎಂಬ ಕಡತ ಅಲ್ಲಿ ಬೆಳೆಯುತ್ತದೆ.

ಟೆಸ್ಟ್-ಪಿಎಸ್‌ಸೆಷನ್‌ಕಾನ್ಫಿಗರೇಷನ್‌ಫೈಲ್ ಆದೇಶದಿಂದ ಬರಹ ಸರಿಯಿದೆಯೇ ನೋಡಿ. ಆಮೇಲೆ ರಿಜಿಸ್ಟರ್-ಪಿಎಸ್‌ಸೆಷನ್‌ಕಾನ್ಫಿಗರೇಷನ್ ಆದೇಶಕ್ಕೆ ಈ ಫೈಲಿನ ದಾರಿಯನ್ನೂ ‘ಕೋಟಾ’ ಎಂಬ ಹೆಸರನ್ನೂ ಕೊಟ್ಟು ನೋಂದಾಯಿಸಿ. ದೂರ ಸಂಪರ್ಕ ನಡೆಸುವ ವಿನ್‌ಆರ್‌ಎಂ ಸೇವೆ ಒಮ್ಮೆ ಮರು ಆರಂಭವಾಗುತ್ತದೆ, ಬೇರೆ ದೂರ ಸಂಪರ್ಕ ನಡೆಯುತ್ತಿದ್ದರೆ ಕಡಿದುಹೋಗುತ್ತದೆ. ಊಟದ ಹೊತ್ತಿನಲ್ಲಿ ಮಾಡಿ.

ಆರನೆಯ ಹೆಜ್ಜೆ: ಪರೀಕ್ಷೆ

ಗೆಟ್-ಪಿಎಸ್‌ಸೆಷನ್‌ಕೇಪಬಿಲಿಟಿ ಆದೇಶಕ್ಕೆ ಮೇಲ್ವಿಚಾರಕಿಯ ಖಾತೆಯ ಹೆಸರು ಕೊಟ್ಟರೆ ಅವರಿಗೆ ಏನೇನು ಕಾಣುತ್ತದೆ ಎಂದು ನಿಮ್ಮ ಕುರ್ಚಿಯಿಂದಲೇ ನೋಡಬಹುದು. ನಿರ್ಬಂಧಿತ ಅಧಿವೇಶನದೊಂದಿಗೆ ಬರುವ ಎಂಟು ಮೂಲ ಆದೇಶಗಳು, ಜೊತೆಗೆ ನಮ್ಮ ಎರಡು. ಹೆಚ್ಚಿಗೆ ಕಂಡರೆ ಎಲ್ಲೋ ತಪ್ಪಿದೆ.

ಆಮೇಲೆ ಅವರ ಕಂಪ್ಯೂಟರಿನಲ್ಲಿ ಕೂತು ಅವರ ಖಾತೆಯಿಂದಲೇ ಎಂಟರ್-ಪಿಎಸ್‌ಸೆಷನ್ ಮೂಲಕ ಸರ್ವರಿನ ಹೆಸರು, ಕಾನ್ಫಿಗರೇಷನ್ ಹೆಸರು ಕೊಟ್ಟು ಸೇರಿ. ಒಂದು ಫೋಲ್ಡರನ್ನು ‘ಲಗ್ನ’ಕ್ಕೆ ಏರಿಸಿ ನೋಡಿ. ನಂತರ ಬೇಕೆಂದೇ ಕೆಟ್ಟ ಕೆಲಸಗಳನ್ನು ಮಾಡಿ: ಬಿಲ್ಲಿಂಗ್ ಫೋಲ್ಡರಿನ ದಾರಿ ಕೊಡಿ, ಇಲ್ಲದ ಟೆಂಪ್ಲೇಟ್ ಹೆಸರು ಕೊಡಿ, ಕೋಟಾ ಅಳಿಸುವ ಆದೇಶ ಟೈಪ್ ಮಾಡಿ. ಮೂರೂ ತಿರಸ್ಕೃತವಾಗಬೇಕು. ಆಗುವುದನ್ನು ಪರೀಕ್ಷಿಸುವವರು ಬಹಳ, ಆಗಬಾರದ್ದನ್ನು ಪರೀಕ್ಷಿಸುವವರು ಕಡಿಮೆ.

ಡೊಮೇನ್ ಇಲ್ಲದ ವರ್ಕ್‌ಗ್ರೂಪ್ ಆದರೆ ಅವರ ಕಂಪ್ಯೂಟರಿನಲ್ಲಿ ‘ಟ್ರಸ್ಟೆಡ್‌ಹೋಸ್ಟ್ಸ್’ ಪಟ್ಟಿಗೆ ಸರ್ವರಿನ ಹೆಸರು ಸೇರಿಸಬೇಕು, ನಕ್ಷತ್ರ ಚಿಹ್ನೆ ಹಾಕಿ ಎಲ್ಲರನ್ನೂ ನಂಬಬೇಡಿ. ಈ ಸಂಪರ್ಕ ಬರುವ ಬಾಗಿಲು, ಅಂದರೆ ಪೋರ್ಟ್ 5985, ತೆರೆದಿರಬೇಕು, ಕಚೇರಿಯ ಒಳಗೆ ಮಾತ್ರ.

ಮೇಲ್ವಿಚಾರಕಿಗೆ ನಾನು ಕೊಟ್ಟದ್ದು ಡೆಸ್ಕ್‌ಟಾಪಿನಲ್ಲಿ ಒಂದು ಶಾರ್ಟ್‌ಕಟ್ ಮತ್ತು ಒಂದು ಚೀಟಿ. ಚೀಟಿಯಲ್ಲಿ ಎರಡು ಸಾಲು ಆದೇಶ, ಕೆಳಗೆ ಮೂರು ಸಂಖ್ಯೆ. ಕೋಟಾ ನೋಡುವ ಆದೇಶ ಗಾತ್ರವನ್ನು ಬೈಟುಗಳಲ್ಲಿ ತೋರಿಸುವುದರಿಂದ 40 ಜಿಬಿ ಎಂಬುದು 42949672960 ಎಂದು ಕಾಣುತ್ತದೆ. 85899345920 ಕಂಡರೆ ಲಗ್ನ, 161061273600 ಕಂಡರೆ ಆಲ್ಬಂ. ‘ಮೊದಲ ಅಂಕಿ ನೋಡಿದರೆ ಸಾಕು ಸರ್, ನಾಲ್ಕು, ಎಂಟು, ಒಂದು’ ಎಂದು ಅವರೇ ಸುಲಭ ಮಾಡಿಕೊಂಡರು. ಈ ಚೀಟಿ ಮಾನಿಟರಿನ ಕೆಳಗೆ ಅಂಟಿದ್ದರೂ ನನಗೆ ನಿದ್ದೆ ಬರುತ್ತದೆ.

ಆಮೇಲೆ ಎದುರಾಗುವ ತೊಡಕುಗಳು

ಲಗ್ನದ ತಿಂಗಳು ಮುಗಿದ ಮೇಲೆ ಫೋಲ್ಡರುಗಳನ್ನು ಮತ್ತೆ ‘ಸಾಮಾನ್ಯ’ಕ್ಕೆ ಇಳಿಸಬೇಕಲ್ಲ. 70 ಜಿಬಿ ಇರುವ ಫೋಲ್ಡರನ್ನು 40ಕ್ಕೆ ಇಳಿಸಿದರೆ ಫೈಲು ಅಳಿಯುವುದಿಲ್ಲ, ಹೊಸದಾಗಿ ಬರೆಯಲು ಮಾತ್ರ ಆಗುವುದಿಲ್ಲ. ಆದ್ದರಿಂದ ಮೊದಲು ಹಳೆಯ ಆಲ್ಬಂಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ, ಆಮೇಲೆ ಇಳಿಸಿ.

‘ಸರ್ವರಿನಲ್ಲಿ 600 ಜಿಬಿ ಖಾಲಿ ಇದೆ, ನನ್ನ ಕಂಪ್ಯೂಟರಿನಲ್ಲಿ ಎರಡೇ ಜಿಬಿ ತೋರಿಸುತ್ತಿದೆ’ ಎಂಬ ದೂರು ಬಂದರೆ ಅದು ದೋಷವಲ್ಲ. ಹಾರ್ಡ್ ಕೋಟಾ ಇರುವ ಫೋಲ್ಡರನ್ನು ಡ್ರೈವಾಗಿ ಜೋಡಿಸಿದಾಗ ಕೋಟಾದ ಲೆಕ್ಕವೇ ಡ್ರೈವಿನ ಗಾತ್ರವಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಅದೊಂದು ವರ, ವಿನ್ಯಾಸಕಾರರಿಗೆ ತಮ್ಮ ಪಾಲು ಎಷ್ಟೆಂದು ಕಣ್ಣಿಗೆ ಕಾಣುತ್ತದೆ.

ನೀವು ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ ಆ ಫೋಲ್ಡರಿಗೆ ಬ್ಯಾಕಪ್ ಮರಳಿಸಲು ಹೋದರೂ ಎಫ್‌ಎಸ್‌ಆರ್‌ಎಂ ತಡೆಯುತ್ತದೆ, ಅದಕ್ಕೆ ಮುಖ ನೋಡಿ ಮಣೆ ಹಾಕುವ ಅಭ್ಯಾಸವಿಲ್ಲ. ಮರಳಿಸುವ ಮೊದಲು ಮಿತಿ ಏರಿಸಿಕೊಳ್ಳಿ. ವಿದ್ಯುತ್ ಹೋಗಿ ಸರ್ವರ್ ದಿಢೀರನೆ ನಿಂತು ಎದ್ದಾಗ ಬಳಕೆಯ ಲೆಕ್ಕ ಅನುಮಾನ ಹುಟ್ಟಿಸಿದರೆ ಅಪ್‌ಡೇಟ್-ಎಫ್‌ಎಸ್‌ಆರ್‌ಎಂಕೋಟಾ ಓಡಿಸಿ, ಫೋಲ್ಡರನ್ನು ಮತ್ತೆ ಎಣಿಸುತ್ತದೆ.

ಲಿನಕ್ಸ್ ಸರ್ವರ್ ಇಟ್ಟುಕೊಂಡವರಿಗೆ ಎರಡು ಮಾತು: ಅಲ್ಲೂ ಕೋಟಾ ಬದಲಿಸುವುದು ರೂಟ್ (ಲಿನಕ್ಸಿನ ಅಡ್ಮಿನಿಸ್ಟ್ರೇಟರ್) ಅಧಿಕಾರ. ಎಕ್ಸ್‌ಎಫ್‌ಎಸ್ ಫಾರ್ಮ್ಯಾಟಿನಲ್ಲಿ ಪ್ರಾಜೆಕ್ಟ್ ಕೋಟಾ ಬಳಸಿದರೆ ಫೋಲ್ಡರಿನ ಲೆಕ್ಕ ಸಿಗುತ್ತದೆ. ಕೋಟಾ ಆದೇಶವನ್ನೇ ನೇರವಾಗಿ ಸುಡೋ (ರೂಟ್ ಬಲದಿಂದ ಓಡಿಸಬಹುದಾದ ಆದೇಶಗಳ) ಪಟ್ಟಿಗೆ ಸೇರಿಸದೆ, ಮೂರು ಅಳತೆಗಳನ್ನಷ್ಟೇ ಒಪ್ಪುವ ಪುಟ್ಟ ಸ್ಕ್ರಿಪ್ಟ್ ಬರೆದು, ರೂಟ್ ಹೊರತು ಬೇರೆಯವರು ತಿದ್ದದಂತೆ ಮಾಡಿ, ಅದನ್ನು ಸೇರಿಸಿ.

ಇನ್ನು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ನೀರುಗಂಟಿ ನೇಮಕವಾದ ದಿನವೇ ಅದನ್ನು ಬದಲಿಸಿ, ಇಲ್ಲದಿದ್ದರೆ ಹಳೆಯ ಚೀಟಿ ಇನ್ನೂ ಕೆಲಸ ಮಾಡುತ್ತಿರುತ್ತದೆ. ಹೊಸದನ್ನು ನಾನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಮುದ್ರಣಾಲಯದ ಯಜಮಾನರ ಬೀರುವಿನಲ್ಲಿ ಇಡಿಸಿದ್ದೇನೆ. ನಾನು ಬಸ್ಸಿನಲ್ಲಿದ್ದಾಗ ಸರ್ವರ್ ಪೂರ್ತಿ ಕೈಕೊಟ್ಟರೆ ಒಡೆಯಲು. ತಿಂಗಳ ಕೊನೆಯಲ್ಲಿ ಟ್ರಾನ್‌ಸ್ಕ್ರಿಪ್ಟ್ ಫೋಲ್ಡರ್ ನೋಡಲು ಹೋದಾಗ ಬೀರು ತೆಗೆಸಿ ಅರಗು ಒಡೆದಿಲ್ಲವೆಂದು ನೋಡಿಕೊಂಡು ಬರುತ್ತೇನೆ.